ಒಂದು ಸೆಕೆಂಡಿನ ಸದ್ದು

ಈ ಸಲ ಪುಷ್ಯ ಮಳೆ ಹಿಡಿದಾಗ ನಮ್ಮಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ಸೋಮವಾರಪೇಟೆ ಕಡೆಯವರಿಗೆ ಇದೇನು ಹೊಸದಲ್ಲ. ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದಿರುತ್ತದೆ. ಅದನ್ನು ಕಡಿಯಲು ಹೋದವರಿಗೆ ದಾರಿಯಲ್ಲಿ ಇನ್ನೊಂದು ಮರ ಸಿಕ್ಕಿರುತ್ತದೆ. ಬೆಳಿಗ್ಗೆ ಎದ್ದರೆ ಪಕ್ಕದ ತೋಟದ ಮಾವ ಮಳೆಮಾಪಕ ನೋಡಿ ಬೇಲಿಯಾಚೆಯಿಂದ "ನಾಲ್ಕೂವರೆ ಇಂಚು!" ಎಂದು ಕೂಗುತ್ತಾರೆ. ಕೊಡಗಿನಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ (ಇಂಚಿನ ನೂರನೇ ಒಂದು ಭಾಗ) ಹೇಳುವುದು. ತೋಟಕ್ಕೆ ಹೋಗುವ ಹಾಗಿಲ್ಲ, ಫೋನಿನ ಚಾರ್ಜ್ ಉಳಿಸಬೇಕು. ಅಂಥ ಒಂದು ಮಧ್ಯಾಹ್ನ, ಅಡುಗೆಮನೆಯ ಅಟ್ಟದಿಂದ ಅಪ್ಪನ ಕ್ಯಾಮೆರಾ ಇಳಿಸಿದೆ.

ಯಾಶಿಕಾ 635. ಒಂದರ ಮೇಲೊಂದು ಎರಡು ಲೆನ್ಸ್ ಇರುವ, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾ. 1958ರಲ್ಲಿ ಬಂದ ಮಾಡೆಲ್. 120 ಎಂಬ ಅಗಲ ಫಿಲ್ಮಿನ ರೋಲ್ ಹಾಕಿದರೆ 6 ಸೆಂಟಿಮೀಟರ್ ಚೌಕದ 12 ಫೋಟೊ. ಜೊತೆಗೆ ಬರುತ್ತಿದ್ದ ಅಡಾಪ್ಟರ್ ಜೋಡಿಸಿದರೆ 35 ಎಂಎಂ ರೀಲೂ ಓಡುತ್ತದೆ. ಅಪ್ಪ ಇದನ್ನು ಮದುವೆಗೂ ಮೊದಲು ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ. ಅದನ್ನೇ ನಂಬಿ ಸೋಮವಾರಪೇಟೆಯಲ್ಲಿ ಸ್ಟುಡಿಯೋ ತೆರೆದರು. ಸ್ಟುಡಿಯೋ ಮುಚ್ಚಿ ಈಗ ಹದಿನೆಂಟು ವರ್ಷ.

ಚರ್ಮದ ಕೇಸಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿತ್ತು. ನೀಲಿ ಬಾಲ್‌ಪೆನ್ನಿನಲ್ಲಿ ಅಪ್ಪನ ಓರೆ ಅಕ್ಷರ: "1/8 ನಿಧಾನ. 1 ನಿಲ್ಲುತ್ತಿದೆ. ಆಯಿಲ್ ಮಾಡಿಸಬೇಕು." ಶಟರಿನ, ಅಂದರೆ ಫಿಲ್ಮಿಗೆ ಬೆಳಕು ಬಿಡಲು ತೆರೆದು ಮುಚ್ಚುವ ಬಾಗಿಲಿನ ವೇಗಗಳು ಅವು, ಸೆಕೆಂಡಿನ ಲೆಕ್ಕದಲ್ಲಿ.

ಚಿಕ್ಕವಳಿದ್ದಾಗ ಶಾಲೆ ಬಿಟ್ಟು ನೇರ ಸ್ಟುಡಿಯೋಗೆ ಹೋಗುತ್ತಿದ್ದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಒಳಗಿನ ಲೈಟುಗಳಿಲ್ಲ. ಆದರೂ ರೇಷನ್ ಕಾರ್ಡಿಗೋ ಬ್ಯಾಂಕಿಗೋ ಫೋಟೊ ಬೇಕು ಎಂದು ದೂರದ ಹಳ್ಳಿಯಿಂದ ನೆನೆದುಕೊಂಡು ಬಂದವರನ್ನು ವಾಪಸ್ ಕಳಿಸಲು ಅಪ್ಪನಿಗೆ ಮನಸ್ಸಾಗುತ್ತಿರಲಿಲ್ಲ. ಬಾಗಿಲ ಹತ್ತಿರ ಸ್ಟೂಲ್ ಎಳೆದು ಕೂರಿಸುತ್ತಿದ್ದರು. ಕೊಡೆ ಮೂಲೆಗೆ ಇಡಿಸಿ, ತಲೆ ಒರೆಸಿಕೊಳ್ಳಲು ಟವೆಲ್ ಕೊಡುತ್ತಿದ್ದರು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ. ಕೆಳಗಿನ ಲೆನ್ಸಿನ ಪಕ್ಕದ ಪುಟ್ಟ ಕಡ್ಡಿಯನ್ನು ಕೋವಿಯ ಕುದುರೆ ಎಳೆದ ಹಾಗೆ ಎಳೆದು, "ಹಾಂ, ಉಸಿರು ಹಿಡೀರಿ" ಅನ್ನುತ್ತಿದ್ದರು. ಆಮೇಲೆ ಆ ಸದ್ದು. ಟಿಕ್, ಜಿರ್ರ್ರ್ರ್, ಟಿಕ್. ಒಂದು ಸೆಕೆಂಡ್.

"ರೆಪ್ಪೆ ಬಡೀಬೇಡಿ ಅಂದ್ರೆ ಖಂಡಿತ ಬಡೀತಾರೆ. ಉಸಿರು ಹಿಡೀರಿ ಅಂದ್ರೆ ಎಲ್ಲಾ ತಾನಾಗೇ ನಿಲ್ಲತ್ತೆ" ಎಂದು ಅಪ್ಪ ಹೇಳಿಕೊಟ್ಟಿದ್ದರು. ಆ ಒಂದು ಸೆಕೆಂಡಿನಲ್ಲಿ ನಾನೂ ಮೂಲೆಯಲ್ಲಿ ನಿಂತು ಉಸಿರು ಹಿಡಿಯುತ್ತಿದ್ದೆ.

ಬಿಸಿಲಿನ ಊರಿನವರಿಗೆ ಶಟರಿನ ನಿಧಾನ ವೇಗಗಳು ಅಷ್ಟಾಗಿ ಬೇಕಾಗುವುದಿಲ್ಲ. 1/125, 1/250ರಲ್ಲಿ ಜೀವನ ನಡೆಯುತ್ತದೆ. ನಮಗೆ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮನೆಯೊಳಗಿನ ಬೆಳಕು ಅಂದರೆ ಅರ್ಧ ಸೆಕೆಂಡ್, ಒಂದು ಸೆಕೆಂಡ್. ಈ ಕ್ಯಾಮೆರಾದಲ್ಲಿ ಸತ್ತಿದ್ದು ಸರಿಯಾಗಿ ಅವೇ ವೇಗಗಳು.

ಎರಡು ವರ್ಷದ ಹಿಂದೆ ದೊಡ್ಡ ಊರಿನ ಅಂಗಡಿಯೊಂದಕ್ಕೆ ತೆಗೆದುಕೊಂಡು ಹೋಗಿದ್ದೆ. ಬಿಚ್ಚಿಯೂ ನೋಡದೆ "ಪಾರ್ಟ್ಸ್ ಬರಲ್ಲ ಮೇಡಂ, ಶೋಕೇಸಲ್ಲಿ ಇಡಿ, ಚೆನ್ನಾಗಿ ಕಾಣತ್ತೆ" ಎಂದು ವಾಪಸ್ ಕೊಟ್ಟರು. ಅಪ್ಪನಿಗೆ ಆ ಮಾತು ಹೇಳಲಿಲ್ಲ. ಅವರಿಗೆ ಕೆಲಸದ ಸಾಮಾನು ಶೋಕೇಸಿಗೆ ಹೋಗುವುದು ಇಷ್ಟವಾಗುವುದಿಲ್ಲ.

ಕಿಟಕಿಯ ಹತ್ತಿರ ಕೂತು ಒಂದೊಂದೇ ವೇಗ ಇಟ್ಟು ನೋಡಿದೆ. 1/250 ಚೆನ್ನಾಗಿ ಬಡಿಯಿತು. 1/60 ಪರವಾಗಿಲ್ಲ. 1/15ಕ್ಕೆ ಬಂದಾಗ ಸೋಮಾರಿತನ ಕಂಡಿತು. 1/2 ಮತ್ತು 1ರಲ್ಲಿ ಶಟರ್ ತೆರೆದುಕೊಂಡು ಹಾಗೇ ನಿಂತುಬಿಟ್ಟಿತು, ಮುಚ್ಚಲೇ ಇಲ್ಲ. ಕಡ್ಡಿಯನ್ನು ಮತ್ತೆ ಒತ್ತಿ ತಳ್ಳಬೇಕು ಅನ್ನಿಸುತ್ತದೆ. ದಯವಿಟ್ಟು ತಳ್ಳಬೇಡಿ. ಒಳಗಿರುವುದು ಕೂದಲಿನಷ್ಟು ಸಣ್ಣ ಸ್ಪ್ರಿಂಗುಗಳು.

ಹೀಗೆ ವೇಗ ವೇಗಕ್ಕೆ ಬೇರೆ ಬೇರೆ ಥರ ಆಡುವುದರಲ್ಲೇ ಕಾಯಿಲೆಯ ಗುರುತು ಇದೆ. ಇಂಥ ಶಟರಿನಲ್ಲಿ ಐದು ತೆಳು ಉಕ್ಕಿನ ಎಲೆಗಳಿರುತ್ತವೆ. ಲೆನ್ಸಿನ ನಡುವೆ ಒಂದರ ಮೇಲೊಂದು ಮಲಗಿ ಕತ್ತಲು ಮಾಡಿರುತ್ತವೆ. ಬಟನ್ ಒತ್ತಿದಾಗ ಸ್ಪ್ರಿಂಗ್ ಅವನ್ನು ಬಿಚ್ಚುತ್ತದೆ, ಮುಚ್ಚುತ್ತದೆ. ತುಂಬಾ ವೇಗದಲ್ಲಿ ಸ್ಪ್ರಿಂಗಿಗೆ ತಡೆಯೇ ಇಲ್ಲ. ವೇಗ ಕಮ್ಮಿ ಮಾಡುತ್ತಾ ಹೋದ ಹಾಗೆ ಒಂದು ಹಲ್ಲುಚಕ್ರದ ಸಾಲು ಅಡ್ಡ ಬಂದು ಹೊತ್ತು ಕಳೆಯುತ್ತದೆ. ಆ ಜಿರ್ರ್ ಸದ್ದು ಅದರದ್ದೇ. ಅಂದರೆ ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಗಡಿಯಾರವಿದೆ. ಇದು ಹೋಲಿಕೆಗೆ ಹೇಳಿದ್ದಲ್ಲ. ಮೊದಲಿನ ಕೆಲವು ಶಟರುಗಳಲ್ಲಿ ಸೈಕಲ್ ಪಂಪಿನಂಥ ಪುಟ್ಟ ಸಿಲಿಂಡರ್ ಇತ್ತು. ಒಳಗಿನ ಗಾಳಿಯ ಒತ್ತಡವೇ ಹೊತ್ತು ಅಳೆಯುತ್ತಿತ್ತು. 1912ರಲ್ಲಿ ಜರ್ಮನಿಯ ಡೆಕೆಲ್ ಕಂಪನಿ ಅದರ ಬದಲು ಗಡಿಯಾರದ ಚಕ್ರಗಳನ್ನು ಕೂರಿಸಿ ಕಾಂಪುರ್ ಶಟರ್ ಮಾಡಿತು. 'ಕಾಂಪೌಂಡ್' ಎಂಬ ತನ್ನ ಹಳೆ ಶಟರಿನ ಹೆಸರಿಗೆ, ಗಡಿಯಾರದ ಯಂತ್ರಕ್ಕೆ ಜರ್ಮನ್ನರು ಹೇಳುವ 'ಊರ್‌ವೆರ್ಕ್' ಸೇರಿಸಿ ಕಾಂಪುರ್ ಎಂದು ಕರೆದರು. ನಮ್ಮ 635ರಲ್ಲಿರುವುದು ಜಪಾನಿನ ಕೊಪಾಲ್ ಶಟರ್, ಅದೇ ದಾರಿಯದ್ದು. ಯಾಶಿಕಾದ ಕಥೆಯೂ ಗಡಿಯಾರದಿಂದಲೇ ಶುರು. 1949ರಲ್ಲಿ ನಾಗಾನೊದಲ್ಲಿ ಹುಟ್ಟಿದಾಗ ಆ ಕಂಪನಿ ಮಾಡುತ್ತಿದ್ದುದು ಕ್ಯಾಮೆರಾ ಅಲ್ಲ, ವಿದ್ಯುತ್ ಗಡಿಯಾರದ ಬಿಡಿಭಾಗ.

ರಬ್ಬರ್ ಬಿರಡೆಯೊಂದನ್ನು ಲೆನ್ಸಿನ ಮುಂದಿನ ಅಂಚಿಗೆ ಒತ್ತಿ ಎಡಕ್ಕೆ ತಿರುಗಿಸಿದೆ. ಸ್ವಲ್ಪ ಹೊತ್ತು ಬಿಗಿ ಹಿಡಿದಿದ್ದ ಲೆನ್ಸ್ ಬಿಟ್ಟುಕೊಟ್ಟಿತು. ಒಳಗೆ ಎಲೆಗಳು ಕಂಡವು. ಮಳೆ ನಿಂತ ಮೇಲೆ ರಸ್ತೆಯ ನೀರಿನಲ್ಲಿ ಡೀಸೆಲ್ ಹರಡಿರುತ್ತದಲ್ಲ, ಅದೇ ಬಣ್ಣಬಣ್ಣದ ಹೊಳಪು ಎಲೆಗಳ ಮೇಲೆ. ಟಿಶ್ಯೂ ಪೇಪರಿನ ತುದಿಯನ್ನು ಮೆಲ್ಲಗೆ ಮುಟ್ಟಿಸಿದೆ. ಕಂದು ಕಲೆ ಬಂತು.

ಎಣ್ಣೆ. ಒದ್ದೆ ಬಾಳೆಲೆಗಳು ಒಂದಕ್ಕೊಂದು ಅಂಟಿದ ಹಾಗೆ ಐದೂ ಎಲೆ ಅಂಟಿಕೊಂಡಿದ್ದವು.

ಅಲ್ಲಿಗೆ ಆ ಎಣ್ಣೆ ಹೇಗೆ ಬಂತು? ಇದನ್ನು ಯೋಚಿಸುತ್ತಾ ತುಂಬಾ ಹೊತ್ತು ಕೂತೆ. ನಮ್ಮ ಕಡೆ ಕ್ಯಾಮೆರಾಗೆ ಮೊದಲ ಶತ್ರು ಬೂಷ್ಟು. ಒಂದು ಮಳೆಗಾಲ ಬೀರುವಿನಲ್ಲಿಟ್ಟರೆ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು ಏಳುತ್ತವೆ. ಬೆಲ್ಟು, ಚಪ್ಪಲಿ, ಹಳೆ ಆಲ್ಬಂ ಯಾವುದನ್ನೂ ಅದು ಬಿಡುವುದಿಲ್ಲ. ಅದಕ್ಕೇ ಅಪ್ಪ ಕ್ಯಾಮೆರಾವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿ ಡಬ್ಬದ ಪಕ್ಕ ಇಡುತ್ತಿದ್ದರು. ಅಲ್ಲಿ ವರ್ಷವಿಡೀ ಬೆಚ್ಚಗೆ. ಲೆನ್ಸ್ ಈಗಲೂ ಕನ್ನಡಿಯ ಹಾಗೆ ಸ್ವಚ್ಛ, ಒಂದು ಎಳೆ ಬೂಷ್ಟಿಲ್ಲ. ಆದರೆ ಆ ಬಿಸಿಗೆ ಚಕ್ರಗಳ ಮತ್ತು ಫೋಕಸ್ಸಿನ ಹಳೆ ಗ್ರೀಸ್ ತೆಳುವಾಗಿ, ವರ್ಷಗಟ್ಟಲೆ ನಿಧಾನಕ್ಕೆ ಹರಿದು ಎಲೆಗಳ ನಡುವೆ ಸೇರಿಕೊಂಡಿದೆ. ಲೆನ್ಸನ್ನು ಉಳಿಸಿದ ಬಿಸಿಯೇ ಶಟರನ್ನು ಅಂಟಿಸಿದೆ. ಅಪ್ಪ ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಶಟರ್ ತೊಳೆಯಬಹುದು. ಬೂಷ್ಟು ಗಾಜಿನ ಲೇಪನವನ್ನೇ ತಿಂದಿದ್ದರೆ ಏನೂ ಮಾಡುವ ಹಾಗಿರಲಿಲ್ಲ.

ತೊಳೆಯಲು ನಾಫ್ತಾ ಬೇಕು, ಲೈಟರಿಗೆ ತುಂಬಿಸುತ್ತಾರಲ್ಲ, ಅದು. ಅದರ ಆವಿಗೆ ಬೆಂಕಿ ತಟ್ಟನೆ ಹಿಡಿಯುತ್ತದೆ. ಕರೆಂಟ್ ಇಲ್ಲ ಎಂದು ಮೇಣದಬತ್ತಿ ಹಚ್ಚಿಕೊಂಡು ಕೂರುವ ಹಾಗೇ ಇಲ್ಲ. ಹಾಗಾಗಿ ಬೆಳಿಗ್ಗೆ ಹತ್ತರಿಂದ ಮೂರರವರೆಗೆ, ಜಗಲಿಯಲ್ಲಿ ಕೂತು, ಇದ್ದಷ್ಟು ಬೆಳಕಿನಲ್ಲಿ ಮಾತ್ರ ಕೆಲಸ ಮಾಡಿದೆ. ಹತ್ತಿ ಸುತ್ತಿದ ಕಡ್ಡಿಯ ತುದಿಗೆ ಎರಡು ಹನಿ. ಎಲೆಗಳ ಮೇಲೆ ಸವರುವುದು, ಶಟರ್ ಬಡಿಯುವುದು, ಒಣ ಟಿಶ್ಯೂವಿನಿಂದ ಒತ್ತುವುದು. ಮತ್ತೆ ಸವರುವುದು. ಒದ್ದೆ ಇದ್ದಾಗ ಎಲೆಗಳು ಚೆನ್ನಾಗಿಯೇ ಓಡಿದವು. ಸಂಜೆ ಖುಷಿಯಿಂದ ಮಲಗಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಅಂಟಿದೆ.

ಕರಗಿದ ಎಣ್ಣೆ ಎಲ್ಲೂ ಹೋಗಿರುವುದಿಲ್ಲ. ನಾಫ್ತಾ ಆರಿದ ಮೇಲೆ ಅದು ತೆಳುವಾಗಿ ಅಲ್ಲೇ ಉಳಿದಿರುತ್ತದೆ. ಒಂದು ಲೋಟ ದ್ರವ ಸುರಿದುಬಿಟ್ಟರೆ ಸಾಕು ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಸುರಿದರೆ ಕೊಳೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತದೆ, ಅಷ್ಟೇ. ಕಮ್ಮಿ ಹಾಕಬೇಕು, ಒತ್ತಿ ತೆಗೆಯಬೇಕು, ಟಿಶ್ಯೂ ಬೆಳ್ಳಗೆ ಬರುವವರೆಗೆ ಬಿಡಬಾರದು. ನನಗೆ ಒಂಬತ್ತು ಸುತ್ತು ಬೇಕಾಯಿತು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಎಲೆಗಳ ಬಣ್ಣಬಣ್ಣದ ಹೊಳಪು ಹೋಗಿ ಮಾಸಲು ಉಕ್ಕಿನ ಬೂದು ಬಣ್ಣ ಬಂತು. ಅದೇ ಅವುಗಳ ನಿಜವಾದ ಬಣ್ಣ.

ಎಲೆ ಶುದ್ಧವಾದರೂ ಒಂದು ಸೆಕೆಂಡ್ ಬರಲಿಲ್ಲ. ಜಿರ್ರ್ ಎಂದು ಶುರುವಾಗಿ ಅರ್ಧದಲ್ಲಿ ನಿಲ್ಲುತ್ತಿತ್ತು. ಅಂದರೆ ಚಕ್ರಗಳೂ ಜಿಡ್ಡುಗಟ್ಟಿವೆ. ಅಲ್ಲಿಗೆ ಹೋಗಲು ಮುಂದಿನ ಹಲಗೆಯನ್ನೇ ಬಿಚ್ಚಬೇಕು. ನನಗೆ ಭಯವಾಯಿತು. ಸೋಮವಾರ ಸಂತೆಗೆ ಹೋದಾಗ ವಾಚ್ ರಿಪೇರಿಯ ಅಣ್ಣನನ್ನು ಕೇಳಿದೆ. ಅಪ್ಪನ ಸ್ಟುಡಿಯೋ ಇದ್ದ ಕಾಲದಿಂದ ಅವರು ಅದೇ ಪುಟ್ಟ ಗಾಜಿನ ಗೂಡಿನಲ್ಲಿದ್ದಾರೆ.

"ಎಣ್ಣೆ ಹಾಕ್ಲಾ ಅಣ್ಣ?" ಅಂದೆ.

ಕಣ್ಣಿನ ಭೂತಗನ್ನಡಿ ತೆಗೆದು ನನ್ನ ಮುಖ ನೋಡಿದರು. "ಎಣ್ಣೆ ಆಮೇಲೆ ಅಮ್ಮ. ಮೊದ್ಲು ಹಳೇದು ತೆಗೀಬೇಕು. ನಿಂತ ವಾಚಿಗೆ ಎಣ್ಣೆ ಬಿಟ್ರೆ ಒಂದ್ ವಾರ ಓಡತ್ತೆ, ಆಮೇಲೆ ಮೊದ್ಲಿಗಿಂತ ಜಾಸ್ತಿ ಕೆಡತ್ತೆ. ಆ ಎಲೆಗಳಿಗಂತೂ ಯಾವತ್ತೂ ಹಾಕ್ಬೇಡಿ." ಒಂದು ಚೂಪು ಚಿಮಟ, ಎರಡು ಸಣ್ಣ ಸ್ಕ್ರೂ ಡ್ರೈವರ್ ಕಾಗದದಲ್ಲಿ ಸುತ್ತಿ ಕೊಟ್ಟರು. ಇಂಜೆಕ್ಷನ್ ಬಾಟಲಿನ ತಳದಲ್ಲಿ ಬೆವರ ಹನಿಯಷ್ಟು ವಾಚ್ ಎಣ್ಣೆ. ದುಡ್ಡು ತೆಗೆದುಕೊಳ್ಳಲಿಲ್ಲ. "ಅಪ್ಪಾಜಿ ನಮ್ಮ ಮದ್ವೆ ಫೋಟೊ ಅದ್ರಲ್ಲೇ ತೆಗ್ದಿದ್ದು" ಅಂದರು.

ಮುಂದಿನ ಹಲಗೆಯ ಸ್ಕ್ರೂಗಳು ಚರ್ಮದ ಹೊದಿಕೆಯ ಕೆಳಗಿರುತ್ತವೆ. ಹೊದಿಕೆಯ ಅಂಚಿಗೆ ಸ್ಪಿರಿಟ್ ಮುಟ್ಟಿಸಿ, ತೆಳು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸುತ್ತಾ ಹೋದೆ. ಚರ್ಮ ಮತ್ತು ಲೋಹ ಸೇರುವ ಸಂದಿಯಲ್ಲಿ ಕೆಂಪಗೆ ಏನೋ ಗಟ್ಟಿಯಾಗಿತ್ತು. ತುಕ್ಕು ಅಂದುಕೊಂಡೆ. ಬೆರಳಿಗೆ ಹತ್ತಿಸಿ ನೋಡಿದರೆ ಕುಂಕುಮ. ವರ್ಷ ವರ್ಷ ಆಯುಧಪೂಜೆಗೆ ಅಮ್ಮ ಕ್ಯಾಮೆರಾದ ಹಣೆಗೆ ಇಟ್ಟ ಕುಂಕುಮ. ಲೆನ್ಸಿಗೆ ತಾಗದ ಹಾಗೆ ಉಂಗುರ ಬೆರಳಿನಿಂದ ಇಡುತ್ತಿದ್ದರು, ಅಪ್ಪ ಪಕ್ಕದಲ್ಲಿ ನಿಂತು "ಮೇಲೆ, ಇನ್ನೂ ಸ್ವಲ್ಪ ಮೇಲೆ" ಅನ್ನುತ್ತಿದ್ದರು. ಕ್ಯಾಮೆರಾದ ಉಳಿದ ಕೊಳೆಯೆಲ್ಲಾ ತೆಗೆದಿದ್ದೇನೆ, ಅದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಒಂದೊಂದು ಸ್ಕ್ರೂ ತೆಗೆದಾಗಲೂ ಫೋನಿನಲ್ಲಿ ಫೋಟೊ ತೆಗೆದುಕೊಂಡೆ. ಅಂಚಿರುವ ಸ್ಟೀಲ್ ತಟ್ಟೆಗೆ ಬಿಳಿ ಬಟ್ಟೆ ಹಾಸಿ ಅದರ ಮೇಲೆಯೇ ಕೆಲಸ. ಅಷ್ಟಾದರೂ ಶಟರಿನ ಮುಚ್ಚಳ ಎತ್ತುವಾಗ ಒಂದು ಸ್ಪ್ರಿಂಗ್ ಹಾರಿತು. ಕಣ್ಣಿಗೆ ಕಾಣಲಿಲ್ಲ, ಕಿವಿಗೆ ಮಾತ್ರ 'ಟಿಂಗ್' ಎಂದು ಕೇಳಿತು. ಆ ಕ್ಷಣ ಹೊಟ್ಟೆ ಹಿಂಡಿದ ಹಾಗಾಯಿತು. ಅಪ್ಪನ ಕೈಯಲ್ಲಿ ಅಷ್ಟು ವರ್ಷ ಉಳಿದದ್ದು ನನ್ನ ಕೈಯಲ್ಲಿ ಹೋಯಿತಾ ಎಂದು. ಅಮ್ಮ ಬಂದು ಪೊರಕೆ ಹಿಡಿಯಬೇಡ ಎಂದರು. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕೆಂಪು ಗಾರೆ ನೆಲದ ಮೇಲೆ ಇಬ್ಬರೂ ಮೊಣಕಾಲೂರಿ ಸಾಲು ಸಾಲಾಗಿ ಎಳೆದೆವು, ನಾಟಿ ಹಾಕಿದ ಹಾಗೆ. ಮುಕ್ಕಾಲು ಗಂಟೆಯ ಮೇಲೆ ಬಾಗಿಲ ಹೊಸ್ತಿಲ ಹತ್ತಿರ ಸಿಕ್ಕಿತು. ಇಂಥ ಕೆಲಸವನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಮಾಡುವುದು ಒಳ್ಳೆಯದು. ಸ್ಪ್ರಿಂಗ್ ಹಾರಿದರೂ ಚೀಲದಲ್ಲೇ ಉಳಿಯುತ್ತದೆ.

ಮುಚ್ಚಳದ ಕೆಳಗೆ ಬೆರಳುಗುರಿನಷ್ಟು ಜಾಗದಲ್ಲಿ ಚಕ್ರಗಳ ಸಾಲು ಕೂತಿತ್ತು. ಹಿತ್ತಾಳೆಯ ಹಲ್ಲುಗಳು, ಕೊನೆಯಲ್ಲಿ ಅತ್ತಿತ್ತ ಬಡಿಯುವ ಪುಟ್ಟ ಕೊಕ್ಕೆ. ಹಲ್ಲುಗಳ ನಡುವೆ ಬೆಲ್ಲದ ಪಾಕದಂಥ ಜಿಡ್ಡು. ಸಣ್ಣ ಕುಂಚದಿಂದ ನಾಫ್ತಾ ಸವರಿ ಸವರಿ ತೊಳೆದೆ. ಪಕ್ಕದಲ್ಲೇ ಇನ್ನೊಂದು ಚಕ್ರಗಳ ಸಾಲಿದೆ, ಅದು ಸೆಲ್ಫ್ ಟೈಮರಿನದ್ದು. ಹೊರಗೆ MXV ಎಂದು ಬರೆದಿರುವುದರಲ್ಲಿ V ಅಂದರೆ ಅದೇ, ಜರ್ಮನ್ನಿನ 'ಫೋರ್‌ಲೌಫ್‌ವೆರ್ಕ್'. M ಹಳೆಯ ಕಾಲದ ಬಲ್ಬ್ ಫ್ಲ್ಯಾಶಿಗೆ, X ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ. ನಿಮ್ಮ ಮನೆಯಲ್ಲೂ ಇಂಥ ಕ್ಯಾಮೆರಾ ಇದ್ದರೆ ಆ V ಕಡ್ಡಿಯನ್ನು ಸುಮ್ನೆ ಆಡಿಸಬೇಡಿ. ಎಷ್ಟೋ ವರ್ಷ ಓಡದ ಟೈಮರ್ ಅರ್ಧದಲ್ಲಿ ಸಿಕ್ಕಿಕೊಂಡರೆ ಇಡೀ ಶಟರನ್ನೇ ಹಿಡಿದುಬಿಡುತ್ತದೆ. ನಾನು ಅದನ್ನು ತೊಳೆದೆ, ಆದರೆ ಬಳಸುವುದಿಲ್ಲ.

ಎಲ್ಲಾ ಆರಿದ ಮೇಲೆ ಸೂಜಿಯ ತುದಿಯಲ್ಲಿ ವಾಚ್ ಎಣ್ಣೆ ತೆಗೆದು, ಚಕ್ರಗಳ ಅಚ್ಚು ತಿರುಗುವ ಎರಡು ಮೂರು ಜಾಗಕ್ಕೆ ಮಾತ್ರ ಮುಟ್ಟಿಸಿದೆ. ಎಲೆಗಳ ಹತ್ತಿರ ಒಂದು ಕಣವೂ ಹೋಗದ ಹಾಗೆ. ಹಲಗೆ ಕೂರಿಸಿ, ಲೆನ್ಸನ್ನು ಕೊನೆತನಕ ತಿರುಗಿಸಿ, ವೇಗವನ್ನು 1ಕ್ಕೆ ಇಟ್ಟೆ. ಕಡ್ಡಿ ಎಳೆದೆ. ಒತ್ತಿದೆ.

ಟಿಕ್, ಜಿರ್ರ್ರ್ರ್ರ್, ಟಿಕ್.

ಅಪ್ಪ ಒಳಗೆ ಮಲಗಿದ್ದರು. ಅವರಿಗೀಗ ಎಂಬತ್ತೊಂದು. ಮಾತು ಎರಡು ಸಲ ಹೇಳಿದರೆ ಕೇಳಿಸುತ್ತದೆ. ಆದರೆ ಅಲ್ಲಿಂದಲೇ ಕೇಳಿದರು: "ಒಂದು ಇಟ್ಟಿದ್ದೀಯಾ?"

"ಹೌದಪ್ಪ."

"ಇನ್ನೊಂದ್ ಸಲ ಮಾಡು."

ಮಾಡಿದೆ. ಅವರು ಎದ್ದು ಗೋಡೆ ಹಿಡಿದುಕೊಂಡು ಜಗಲಿಗೆ ಬಂದರು. "ಸ್ವಲ್ಪ ಜಾಸ್ತಿ ಇದೆ ಮಗಾ. ಒಂದೂ ಕಾಲು ಹತ್ತಿರ."

ಮರುದಿನ ಕರೆಂಟ್ ಬಂತು. ಫೋನ್ ಚಾರ್ಜ್ ಮಾಡಿ ಸ್ಲೋ ಮೋಷನ್‌ನಲ್ಲಿ ಅಳೆದೆ. ಸೆಕೆಂಡಿಗೆ 240 ಚಿತ್ರ ಹಿಡಿಯುವ ಫೋನನ್ನು ಲೆನ್ಸಿನ ಎದುರಿಗಿಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು, ಶಟರ್ ತೆರೆದಿದ್ದ ಚಿತ್ರಗಳನ್ನು ಎಣಿಸಿದರೆ ಆಯಿತು. ಒಂದು ಸೆಕೆಂಡಿಗೆ 240 ಬರಬೇಕು. 288 ಬಂತು. ಅಂದರೆ 1.2 ಸೆಕೆಂಡ್. ಅರ್ಧ ಸೆಕೆಂಡಿಗೆ 132. 1/30ಕ್ಕೆ ಸರಿಯಾಗಿ 8. ಅದಕ್ಕಿಂತ ವೇಗದ್ದನ್ನು ಫೋನ್ ನಂಬುವ ಹಾಗೆ ಅಳೆಯಲಾರದು. ಹದಿನೆಂಟು ವರ್ಷ ಕೇಳದ ಸದ್ದನ್ನು ಅಪ್ಪನ ಕಿವಿ ಹಾಗೆ ಅಳೆದಿತ್ತು. ಫಿಲ್ಮಿಗೆ ಈ ವ್ಯತ್ಯಾಸ ಕಾಲು ಸ್ಟಾಪ್ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್), ಕಪ್ಪು ಬಿಳುಪಿನಲ್ಲಿ ಕಾಣುವುದೂ ಇಲ್ಲ.

ಸ್ಟುಡಿಯೋ ಕಾಲದಲ್ಲಿ ಊಟಿಯ ಹಿಂದೂಸ್ಥಾನ್ ಫೋಟೊ ಫಿಲಮ್ಸಿನ 'ಇಂದು' ಪೇಪರ್ ಡಬ್ಬಗಳು ನಮ್ಮ ಮನೆಯಲ್ಲಿ ಜೋಡಿಸಿರುತ್ತಿದ್ದವು. ಆ ಕಾರ್ಖಾನೆ ಈಗಿಲ್ಲ. ಇಲ್ಫರ್ಡ್ ಎಫ್‌ಪಿ4 ಎಂಬ ಕಪ್ಪು ಬಿಳುಪು ಫಿಲ್ಮ್ ಒಂದು ರೋಲ್ ತರಿಸಿದೆ. ಅದು ಬಂದ ದಿನ ಆಶ್ಲೇಷ ಮಳೆ ಹೊಯ್ಯುತ್ತಿತ್ತು. ಅಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ ಕೂತು ಕಳಲೆ ಹೆಚ್ಚುತ್ತಿದ್ದರು. ಬೆಳಕು ಅಳೆಯುವ ಮೀಟರ್ ತೆಗೆಯಲು ಹೋದೆ. ಅಪ್ಪ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ಅಮ್ಮನ ಮುಖ ನೋಡಿ "ಎಂಟು, ಒಂದು" ಅಂದರು. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ 8, ಶಟರ್ ಒಂದು ಸೆಕೆಂಡ್. ಅವರೇ ಕಡ್ಡಿ ಎಳೆದರು. "ಹಾಂ, ಉಸಿರು ಹಿಡಿ" ಅಂದರು ಅಮ್ಮನಿಗೆ.

ರೋಲನ್ನು ಮನೆಯಲ್ಲೇ ತೊಳೆದೆವು. ಬಯಲುಸೀಮೆಯಲ್ಲಿ ಡೆವಲಪರ್ ತಣ್ಣಗಾಗಲು ಐಸ್ ಬೇಕು. ಇಲ್ಲಿ ಮಳೆಗಾಲದ ಬಾವಿ ನೀರಿಗೆ ಥರ್ಮಾಮೀಟರ್ ಇಟ್ಟರೆ 21 ಡಿಗ್ರಿ, ಬೇಕಾದದ್ದು 20. ಒಣಗಲು ಮಾತ್ರ ಒಂದಿಡೀ ದಿನ ತೆಗೆದುಕೊಂಡಿತು. ನೆಗೆಟಿವ್ ಅನ್ನು ಅಪ್ಪ ಕಿಟಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಅಮ್ಮನ ಕೈ, ಕತ್ತಿ ಮಸುಕಾಗಿ ಹರಿದಿವೆ. ಮುಖ ನಿಂತಿದೆ. ಕಿವಿಯ ಓಲೆಯ ಕಲ್ಲು ಕೂಡ ಎಣಿಸಬಹುದು.

ಆಮೇಲೆ ಕೇಸ್ ತರಲು ಹೇಳಿದರು. ಮುಚ್ಚಳದೊಳಗಿನ ಚೀಟಿ ಓದಿ, ನನ್ನ ಪೆನ್ ಕೇಳಿ ತೆಗೆದುಕೊಂಡರು. "ಆಯಿಲ್ ಮಾಡಿಸಬೇಕು" ಎಂಬ ಸಾಲಿನ ಮೇಲೆ ನಡುಗುವ ಕೈಯಲ್ಲಿ ಒಂದು ಗೆರೆ ಎಳೆದರು. ಕೆಳಗೆ ಬರೆದರು: "1 — 1.2. ಮಗಳು ತೊಳೆದಿದ್ದು."